ದಲ್ಲಾಳಿ ಎಲೆಯ ತೂಕ

ಭಾನುವಾರ ಮಂಡ್ಯದ ಬೆಲ್ಲದ ಮಂಡಿಗೆ ರಜೆ,
ನೊಣಗಳಿಗಿಲ್ಲ.
ವೇಬ್ರಿಡ್ಜಿನ ಕೋಣೆಯ ಬೀಗದ ಕೈ ನನ್ನ ಹತ್ತಿರ.
ಅಫ್ರೋಜ್ ತನ್ನ ಜೆರಾಕ್ಸ್ ಅಂಗಡಿಯಿಂದ ಡಬ್ಬಿ ತರುತ್ತಾನೆ:
ಹಳೇ ಲಗ್ನಪತ್ರಿಕೆಗಳ ಬೆನ್ನು ಕತ್ತರಿಸಿ ಮಾಡಿದ
ನೂರೆಂಬತ್ತು ಎಲೆ.
ಗಾಣ, ಕೊಪ್ಪರಿಗೆ, ಜೋಡೆತ್ತು, ನಾಲೆಯ ನೀರು, ಹರಕು ಚೀಲ;
ಕೊನೆಗೆ ಎಣಿಸುವುದು ಮಾತ್ರ ಅಚ್ಚುಬೆಲ್ಲ.

ಇಸ್ಪೀಟಲ್ಲ ಇದು. ಅಲ್ಲಿ ಹಂಚಿದ್ದೇ ಹಣೆಬರಹ.
ಇಲ್ಲಿ ಎಲ್ಲರಿಗೂ ಮೊದಲು ಅದೇ ಹತ್ತು ಬಡಕಲು ಎಲೆ.
ಕೊಂಡು ಕೊಂಡು ಕಟ್ಟು ಕಟ್ಟಬೇಕು,
ಕಟ್ಟಿದ್ದನ್ನು ಕಲಸಬೇಕು,
ಕೊಂಡದ್ದೆಲ್ಲ ತಿರುಗಿ ನಿನ್ನ ಕೈಗೇ ಬರುತ್ತದೆ,
ಆಸೆಗೆ ಬಿದ್ದು ಕೊಂಡ ಕಸವೂ.

ಅದರಲ್ಲೊಬ್ಬ ದಲ್ಲಾಳಿ. ಇಡೀ ಡಬ್ಬಿಗೆ ಅವನೊಬ್ಬನೇ.
ಅಫ್ರೋಜನ ದುಂಡಕ್ಷರದಲ್ಲಿ ಇರುವುದು ಇಷ್ಟು:
‘ನಾಲ್ಕು ರೂಪಾಯಿ ಒಳಗಿನ ಯಾವುದಾದರೂ ಒಂದು ಎಲೆ,
ನಿನಗೆ ಬೇಕಾದ್ದು, ಪುಕ್ಕಟೆ.’
ಈ ‘ಯಾವುದಾದರೂ’ಗೆ ಬೆಲೆಯೆಷ್ಟು ಅಂತ
ಮೂರು ತಿಂಗಳಿಂದ ನಮಗೆ ಜಗಳ.

‘ಐದು’ ಅಂತಾನೆ ಅಫ್ರೋಜ್.
‘ಒಂದೆಲೇಲಿ ಹನ್ನೊಂದೆಲೆ ಅವೆ ಕನಣ್ಣ.
ಗಾಣ ಬೇಕಂದ್ರೆ ಗಾಣ, ಎತ್ತು ಬೇಕಂದ್ರೆ ಎತ್ತು.’

ನಾನು ಲಾರಿ ತೂಗುವವನು.
ತುಂಬಿದ ಲಾರಿಯ ತೂಕಕ್ಕೆ ಯಾರೂ ದುಡ್ಡು ಕೊಡುವುದಿಲ್ಲ,
ಖಾಲಿ ಲಾರಿ ತೂಗಿ, ಕಳೆದು, ಉಳಿದದ್ದಕ್ಕೆ ಚೀಟಿ.
ದಲ್ಲಾಳಿಯನ್ನೂ ಹಾಗೇ ತೂಗಿದೆ.
ಐದೆಲೆಯ ಕೈಯಲ್ಲಿ ಒಂದು ಜಾಗ ಅವನಿಗೆ ಹೋಯಿತು.
ಅವನು ಕಬ್ಬು ಅರೆಯುವುದಿಲ್ಲ, ಪಾಕ ತಿರುವುವುದಿಲ್ಲ,
ಒಂದು ಕಾಸೂ ತರುವುದಿಲ್ಲ,
ಇನ್ನೊಬ್ಬನನ್ನು ಕರೆತರುತ್ತಾನೆ, ಅದೂ ಈಗಲ್ಲ,
ಮುಂದಿನ ಸಲ ಕಲಸಿದ ಮೇಲೆ.
ಹನ್ನೊಂದು ಅಂತೀಯಲ್ಲೋ, ಹನ್ನೊಂದೂ ಒಟ್ಟಿಗೆ ಬರ್ತವಾ?
ಬರೋದು ಒಂದು.
ಉಳಿದ ಹತ್ತು ಬರೀ ಬಾಯಿಮಾತು.
ಮೂರರ ಮೇಲೆ ಬಿಡಿಗಾಸಿಲ್ಲ, ಬರ್ಕೋ.

ಚಿಕ್ಕತಾಯಿ ಆಸ್ಪತ್ರೆಯ ಹಗಲು ಪಾಳಿ ಮುಗಿಸಿ
ಮುಡಿಯಲ್ಲಿ ಡೆಟಾಲಿನ ವಾಸನೆ ಹೊತ್ತು ಬಂದವಳು
ಎಷ್ಟು ಬೆಲೆ ಹಾಕಿದರೂ ಅವನನ್ನೇ ಕೊಳ್ಳುತ್ತಾಳೆ.
ಕೊಂಡು, ಪ್ರತಿಸಲವೂ ತರಿಸುವುದು ಗಾಣ. ಬರೀ ಗಾಣ.
‘ಗಾಣಾನೇ ಬೇಕಿದ್ರೆ ನೇರ ಕೊಂಡ್ಕೊಬೋದಿತ್ತಲ್ಲ’
ಅಂತ ಅಫ್ರೋಜನಿಗೆ ಸಂಕಟ,
ತಾನು ಬರೆದ ಸಾಲಿಗೆ ಅವಮಾನವಾದ ಹಾಗೆ.

ಅವಳು ಬೋಂಡದ ಎಣ್ಣೆ ಒರೆಸಿಕೊಳ್ಳುತ್ತ:
‘ಟ್ರಾಲಿ ತುಂಬ ಔಸ್ದಿ ತಳ್ಕಂಡು ವಾರ್ಡೆಲ್ಲ ತಿರುಗ್ತೀನಿ.
ಕೊಡೋದು ಒಂದು ಜರದ ಮಾತ್ರೆ.
ಅಂಗಂತ ಟ್ರಾಲಿ ಬುಟ್ಟು ಹೋಗ್ಲಾ?’

ನಾನು ನಕ್ಕೆ. ಲೆಕ್ಕ ಮಾತ್ರ ಬದಲಿಸಲಿಲ್ಲ.

ಹೋದ ವಾರ ಏನಾಯಿತೆಂದರೆ,
ಗಾಣದ ಗುಡ್ಡೆ ಬರಿದಾಯಿತು. ಎತ್ತಿನದೂ.
ಅವಳ ಕೈಗೆ ಆಗಲೇ ದಲ್ಲಾಳಿ ಬಂದ.
ನಾಲ್ಕರೊಳಗೆ ಇನ್ನೇನಿದೆ? ನೀರಿದೆ, ಕೊಪ್ಪರಿಗೆಯಿದೆ,
ಮೂಲೆಯಲ್ಲಿ ಒಂದೇ ಒಂದು ಹರಕು ಚೀಲ,
ಯಾರೂ ಮೂಸದ, ಮನೆಗೆ ಬಂದರೆ ಒಂದಚ್ಚು ಕಳೆಯುವ ಎಲೆ.
‘ನಿಮ್ಮ ದಲ್ಲಾಳಿ ಈಗೇನು ತರ್ತಾನೆ ತಾಯಿ’ ಅಂದೆ.

ಅವಳು ಚೀಲ ಎತ್ತಿಕೊಂಡಳು.

ಮೂರು ಗುಡ್ಡೆ ಬರಿದಾದರೆ ಆಟ ಮುಗಿಯಿತು,
ನಾವೇ ಮಾಡಿದ ಕಾನೂನು.
ನನ್ನ ಕೈಯಲ್ಲಿ ಒಂಬತ್ತು ರೂಪಾಯಿ,
ಮುಂದಿನ ಸರದಿಗೆಂದು ಬೆಚ್ಚಗೆ ಜೋಡಿಸಿಟ್ಟದ್ದು.
ಎಣಿಸಿದೆವು. ಕಳೆದದ್ದು ಕಳೆದ ಮೇಲೂ
ಅವಳದು ಎರಡಚ್ಚು ಹೆಚ್ಚು.

ಯಾವ ತಕ್ಕಡಿಯಲ್ಲಿ ಇಡಲಿ ಇದನ್ನ?
ಕಸವನ್ನು ಬೇಕಾದ್ದು ಅಂದುಕೊಳ್ಳುವ ಒಂದು ಗಳಿಗೆ
ಗಾಣದ ಬೆಲೆಯಲ್ಲೂ ಇರಲಿಲ್ಲ, ಚೀಲದ ಬೆಲೆಯಲ್ಲೂ.

ಉಳಿದೆಲ್ಲ ಎಲೆಗೂ ಅಫ್ರೋಜ್ ಲ್ಯಾಮಿನೇಷನ್ ಹೊಡೆದಿದ್ದಾನೆ.
ಬೆಲೆ ಗೊತ್ತಾಗದ್ದಕ್ಕೆ ದಲ್ಲಾಳಿಗೆ ಮಾತ್ರ ಇಲ್ಲ.
ಮೂಲೆಯಲ್ಲಿ ಐದು, ಅದರ ಮೇಲೆ ಗೀಟು,
ಮೂರು, ಗೀಟು, ಮತ್ತೆ ಐದು,
ರಬ್ಬರು ಉಜ್ಜಿ ಉಜ್ಜಿ ಅಲ್ಲೊಂದು ತೂತು.
ಮೆತ್ತಗಾಗಿದ್ದಾನೆ, ಎಣ್ಣೆ ಕುಡಿದಿದ್ದಾನೆ,
ಕಣ್ಣು ಮುಚ್ಚಿ ಕಲಸಿದರೂ ಬೆರಳಿಗೆ ಸಿಕ್ಕಿಬೀಳುತ್ತಾನೆ.

‘ಆಟ ಕೆಡ್ತದೆ, ಹೊಸದು ಮಾಡೋಣ’ ಅಂದ ಅಫ್ರೋಜ್.
‘ಬೆಲೆ ಎಷ್ಟು ಬರೀತೀಯ, ಮೊದಲು ಅದು ಹೇಳು’ ಅಂದೆ.
ಚಿಕ್ಕತಾಯಿ ಆಗಲೇ ಕಲಸುತ್ತಿದ್ದಳು.